ಯೇಸು ನಿಜಕ್ಕೂ ಇದ್ದನೇ? ವಾದ ನಿಂತಿರುವುದು ಒಬ್ಬ ಸಹೋದರನ ಮೇಲೆ

2015ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಒಂದು ಸಮೀಕ್ಷೆ ಮಾಡಿಸಿತು. ಯೇಸು ನಿಜವಾಗಿ ಬದುಕಿದ್ದ ಮನುಷ್ಯನೇ ಎಂದು ಜನರನ್ನು ಕೇಳಲಾಯಿತು. ಸುಮಾರು ಶೇ 40ರಷ್ಟು ಮಂದಿ ಹೌದು ಎನ್ನಲಿಲ್ಲ. ಕೆಲವರು ಅವನು ಕಥೆಯ ಪಾತ್ರ ಎಂದರು, ಉಳಿದವರು ಗೊತ್ತಿಲ್ಲ ಎಂದರು. ಗದ್ದುಗೆಯ ಮೇಲೆ ಕೂತವರೇ ಚರ್ಚಿನ ಮುಖ್ಯಸ್ಥರೂ ಆಗಿರುವ ದೇಶದ ಸಂಗತಿ ಇದು.

ಅದೇ ದೇಶದ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ ಕಲಿಸುವವರನ್ನು ಕೇಳಿ ನೋಡಿ. ದೇವರನ್ನು ನಂಬುವವರು, ನಂಬದವರು, ಯೆಹೂದಿಗಳು, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಉತ್ತರ: ಇದ್ದ. ಗಲಿಲಾಯದ ಒಬ್ಬ ಯೆಹೂದಿ ಬೋಧಕ. ಸುಮಾರು ಕ್ರಿ.ಶ. 30ರಲ್ಲಿ ಜೆರುಸಲೇಮಿನಲ್ಲಿ ರೋಮನ್ನರು ಅವನನ್ನು ಶಿಲುಬೆಗೇರಿಸಿ ಕೊಂದರು.

ಜನಸಾಮಾನ್ಯರ ಅನುಮಾನಕ್ಕೂ ಪಂಡಿತರ ಒಮ್ಮತಕ್ಕೂ ಇಷ್ಟು ದೂರ ಯಾಕೆ? ಒಂದು ಕಾರಣ ಸರಳ. ಯೇಸು ಇದ್ದನೇ ಎಂದು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಿರುತ್ತೇವೆ. ನೀರಿನ ಮೇಲೆ ನಡೆದ, ಸತ್ತು ಮೂರನೇ ದಿನ ಎದ್ದುಬಂದ ಕ್ರಿಸ್ತ ಇದ್ದನೇ ಎಂಬುದು ಒಂದು. ಆ ಕಥೆಗಳೆಲ್ಲ ಯಾರ ಸುತ್ತ ಬೆಳೆದವೋ ಆ ಮನುಷ್ಯ ಇದ್ದನೇ ಎಂಬುದು ಇನ್ನೊಂದು. ಮೊದಲನೆಯದು ಅವರವರ ನಂಬಿಕೆಗೆ ಬಿಟ್ಟದ್ದು. ಎರಡನೆಯದು ಇತಿಹಾಸಕಾರರ ಕೆಲಸ. ಮೊದಲನೆಯದಕ್ಕೆ ಇಲ್ಲ ಎಂದವರು ಅದೇ ಉಸಿರಿನಲ್ಲಿ ಎರಡನೆಯದಕ್ಕೂ ಇಲ್ಲ ಎಂದುಬಿಡುತ್ತಾರೆ. ಇನ್ನು ಕೆಲವರು ಎರಡನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕ ಕೂಡಲೇ ಮೊದಲನೆಯದೂ ಸಾಬೀತಾಯಿತು ಎಂದುಕೊಳ್ಳುತ್ತಾರೆ. ಎರಡೂ ತಪ್ಪೇ.

ಇರಲಿಲ್ಲ ಎನ್ನುವವರ ವಾದವನ್ನು ಮೊದಲು ಸರಿಯಾಗಿ ಕೇಳಿಸಿಕೊಳ್ಳೋಣ. ಅವರನ್ನು ಇಲ್ಲಿ ಪುರಾಣವಾದಿಗಳು ಎಂದು ಕರೆಯುತ್ತೇನೆ. ಅವರಲ್ಲಿ ಗಂಭೀರವಾಗಿ ಯೋಚಿಸುವವರು 'ಸಾಕ್ಷಿ ಇಲ್ಲ' ಎಂದು ಹೇಳಿ ಸುಮ್ನೆ ಕೂರುವುದಿಲ್ಲ. ಕ್ರೈಸ್ತ ಧರ್ಮ ಹುಟ್ಟಿದ್ದು ಹೇಗೆ ಎಂಬುದಕ್ಕೆ ಬೇರೊಂದು ವಿವರಣೆಯನ್ನೇ ಮುಂದಿಡುತ್ತಾರೆ. ಮೊದಲ ಕ್ರೈಸ್ತರಿಗೆ ಯೇಸು ಎಂದರೆ ಪರಲೋಕದ ಒಬ್ಬ ದೇವಪುರುಷ. ಅವನ ಸಾವು, ಪುನರುತ್ಥಾನ ಎಲ್ಲ ನಡೆದದ್ದು ಆಕಾಶದ ಯಾವುದೋ ಮಂಡಲದಲ್ಲಿ. ಜನರಿಗೆ ಅದು ತಿಳಿದದ್ದು ದರ್ಶನಗಳಿಂದ ಮತ್ತು ಹಳೆಯ ಗ್ರಂಥಗಳಿಂದ. ಒಂದು ತಲೆಮಾರು ಕಳೆದ ಮೇಲೆ ಸುವಾರ್ತೆ, ಅಂದರೆ ಬೈಬಲ್‌ನಲ್ಲಿರುವ ಯೇಸುವಿನ ಜೀವನಕಥೆ, ಬರೆದವರು ಅವನನ್ನು ಭೂಮಿಗೆ ಇಳಿಸಿದರು. ತಾಯಿ, ಊರು, ಶಿಷ್ಯರು, ನ್ಯಾಯವಿಚಾರಣೆ ಎಲ್ಲವನ್ನೂ ಕೊಟ್ಟರು. 1999ರಲ್ಲಿ ಕೆನಡಾದ ಅರ್ಲ್ ಡೋಹರ್ಟಿ ಈ ವಾದವನ್ನು ವಿಸ್ತಾರವಾಗಿ ಬರೆದರು. 2014ರಲ್ಲಿ ಅಮೆರಿಕದ ರಿಚರ್ಡ್ ಕ್ಯಾರಿಯರ್ ಅದನ್ನು ಗಣಿತದ ಸಂಭವನೀಯತೆಗೆ ಕಟ್ಟಿದರು. ಅವರ ಲೆಕ್ಕದಲ್ಲಿ ಯೇಸು ಇದ್ದಿರುವ ಸಾಧ್ಯತೆ ಹೆಚ್ಚೆಂದರೆ ಮೂರರಲ್ಲಿ ಒಂದು.

ವಾದ ಹಳೆಯದು. ಫ್ರೆಂಚ್ ಕ್ರಾಂತಿಯ ಕಾಲದಲ್ಲೇ ವೋಲ್ನಿ, ದ್ಯುಪ್ಯುಯಿ ಎಂಬಿಬ್ಬರು ಯೇಸುವಿನ ಕಥೆ ಸೂರ್ಯನ ಕಥೆಯ ಇನ್ನೊಂದು ರೂಪ ಎಂದಿದ್ದರು. 19ನೇ ಶತಮಾನದ ಜರ್ಮನಿಯಲ್ಲಿ ಬ್ರೂನೋ ಬೌವರ್ ಸುವಾರ್ತೆಗಳೆಲ್ಲ ಸಾಹಿತ್ಯದ ಸೃಷ್ಟಿ ಎಂದು ಬರೆದು 1842ರಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಹಕ್ಕು ಕಳೆದುಕೊಂಡರು. ಕಾರ್ಲ್ ಮಾರ್ಕ್ಸ್ ಬರ್ಲಿನ್ನಿನಲ್ಲಿ ಓದುವಾಗ ಇವರ ಪಾಠ ಕೇಳಿದ್ದ. 1909ರಲ್ಲಿ ಆರ್ಥರ್ ಡ್ರೂಸ್ ಬರೆದ ಪುಸ್ತಕ ಎಷ್ಟು ಸದ್ದು ಮಾಡಿತೆಂದರೆ, ಮರುವರ್ಷ ಬರ್ಲಿನ್ನಿನಲ್ಲಿ ಅದರ ಮೇಲೆ ದೊಡ್ಡ ಸಾರ್ವಜನಿಕ ಚರ್ಚೆಯೇ ನಡೆಯಿತು. 1922ರಲ್ಲಿ ಲೆನಿನ್ ಡ್ರೂಸ್‌ನ ಬೇರೆ ವಿಚಾರಗಳನ್ನು ಬೈಯುತ್ತಲೇ, ಧರ್ಮದ ವಿರುದ್ಧದ ಹೋರಾಟದಲ್ಲಿ ಇಂಥವರ ಜೊತೆ ಕೈಜೋಡಿಸಬೇಕು ಎಂದು ಬರೆದ. ಆಮೇಲೆ ಸೋವಿಯತ್ ಒಕ್ಕೂಟದಲ್ಲಿ 'ಯೇಸು ಇರಲೇ ಇಲ್ಲ' ಎಂಬುದು ಬಹುಕಾಲ ಸರ್ಕಾರಿ ಪಾಠವಾಯಿತು. ಸಂಶೋಧನೆಯ ವಿಷಯವೊಂದು ಸರ್ಕಾರದ ನಿಲುವಾದರೆ ಅದಕ್ಕಿಂತ ದೊಡ್ಡ ಕೇಡು ಆ ವಿಷಯಕ್ಕೆ ಇಲ್ಲ ಎಂಬುದು ನನ್ನ ಅನಿಸಿಕೆ.

ಇಂದು ಫೋನಿನಿಂದ ಫೋನಿಗೆ ಹರಿದಾಡುವ ವಾದ ಮಾತ್ರ ಇದಲ್ಲ. ಅದು ಇನ್ನೂ ಅಗ್ಗದ್ದು. ಯೇಸುವಿನ ಕಥೆಯನ್ನು ಹಳೆಯ ದೇವರುಗಳಿಂದ ಕದಿಯಲಾಗಿದೆ ಎನ್ನುವ ಪಟ್ಟಿ. ಈಜಿಪ್ಟಿನ ಹೋರಸ್ ಕನ್ಯೆಯ ಮಗ, ಡಿಸೆಂಬರ್ 25ರಂದು ಹುಟ್ಟಿದ, ಶಿಲುಬೆಗೇರಿದ, ಮತ್ತೆ ಎದ್ದ. ಮಿತ್ರ ಎಂಬ ದೇವರೂ ಹಾಗೇ. ಅಟ್ಟಿಸ್ ಕೂಡ ಹಾಗೇ. ಈ ಪಟ್ಟಿಯಲ್ಲಿ ನಮ್ಮ ಕೃಷ್ಣನೂ ಇದ್ದಾನೆ! 1875ರಲ್ಲಿ ಅಮೆರಿಕದ ಕರ್ಸಿ ಗ್ರೇವ್ಸ್ ಎಂಬಾತ, ಯೇಸುವಿಗಿಂತ ಮೊದಲೇ ಶಿಲುಬೆಗೇರಿದ್ದ ರಕ್ಷಕರ ಪಟ್ಟಿ ಮಾಡಿ ಪುಸ್ತಕ ಬರೆದ. ಅದರಲ್ಲಿ ಕೃಷ್ಣನಿಗೆ ಮುಖ್ಯ ಜಾಗ.

ಹೋರಸ್ ಬಗ್ಗೆ ನಮಗೆ ಗೊತ್ತಿಲ್ಲದಿರಬಹುದು. ಕೃಷ್ಣನ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ದೇವಕಿ ಕನ್ಯೆಯಲ್ಲ, ಕೃಷ್ಣ ಅವಳ ಎಂಟನೆಯ ಮಗು. ಅವನು ಹುಟ್ಟಿದ್ದು ಶ್ರಾವಣದ ಅಷ್ಟಮಿಯಂದು. ಸತ್ತದ್ದು ಮಹಾಭಾರತದ ಮೌಸಲ ಪರ್ವದಲ್ಲಿ, ಜರ ಎಂಬ ಬೇಡನ ಬಾಣ ಅಂಗಾಲಿಗೆ ನೆಟ್ಟು. ಶಿಲುಬೆಯ ಮಾತೇ ಇಲ್ಲ. ನಮಗೆ ಗೊತ್ತಿರುವ ಒಂದು ಹೆಸರಿನ ವಿಷಯದಲ್ಲೇ ಈ ಪಟ್ಟಿ ಇಷ್ಟು ಸುಳ್ಳಾಗಿದ್ದರೆ, ಗೊತ್ತಿಲ್ಲದ ಹೆಸರುಗಳ ಬಗ್ಗೆ ಅದನ್ನು ಎಷ್ಟು ನಂಬಬೇಕು ಎಂಬುದನ್ನು ಓದುಗರೇ ಅಂದಾಜು ಮಾಡಬಹುದು. ಹೋರಸ್‌ನ ಕಥೆಯೂ ಹೀಗೇ ಇದೆ. ಇಸಿಸ್ ತನ್ನ ಸತ್ತ ಗಂಡ ಒಸಿರಿಸ್‌ನ ದೇಹವನ್ನು ಜೋಡಿಸಿ ಅವನಿಂದ ಗರ್ಭ ಧರಿಸುತ್ತಾಳೆ. ಒಸಿರಿಸ್ ಭೂಮಿಗೆ ಮರಳುವುದಿಲ್ಲ, ಸತ್ತವರ ಲೋಕದ ಒಡೆಯನಾಗುತ್ತಾನೆ. ಇನ್ನು ಡಿಸೆಂಬರ್ 25 ಎಂಬ ದಿನಾಂಕ ಬೈಬಲ್‌ನಲ್ಲೇ ಇಲ್ಲ. ರೋಮಿನಲ್ಲಿ ಅಂದು ಯೇಸುವಿನ ಹುಟ್ಟುಹಬ್ಬ ಆಚರಿಸಿದ ಮೊದಲ ದಾಖಲೆ ಕ್ರಿ.ಶ. 336ರದ್ದು. ಹಬ್ಬದ ದಿನವನ್ನು ಎಲ್ಲಿಂದ ತಂದರು ಎಂಬುದರಿಂದ ಮನುಷ್ಯ ಇದ್ದನೇ ಎಂಬುದು ತೀರ್ಮಾನವಾಗದು. ಗ್ರೇವ್ಸ್‌ನ ಪಟ್ಟಿಯನ್ನು ನಂಬಬೇಡಿ ಎಂದು ಸ್ವತಃ ಕ್ಯಾರಿಯರ್ ಎಚ್ಚರಿಸಿದ್ದಾರೆ ಎಂಬುದನ್ನೂ ಹೇಳಬೇಕು.

ಈಗ ನಿಜವಾದ ಸಾಕ್ಷಿಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯವು ಸುವಾರ್ತೆಗಳಲ್ಲ, ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲನ ಪತ್ರಗಳು. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅವನ ಹೆಸರಿನಲ್ಲಿ 13 ಪತ್ರಗಳಿವೆ. ಅವುಗಳಲ್ಲಿ ಏಳು ಅವನೇ ಬರೆದದ್ದು ಎಂಬುದರಲ್ಲಿ ವಿವಾದ ಇಲ್ಲವೆನ್ನುವಷ್ಟು ಕಡಿಮೆ. ಅವು ಸುಮಾರು ಕ್ರಿ.ಶ. 50ರಿಂದ 60ರ ನಡುವಿನವು. ಮಾರ್ಕನ ಸುವಾರ್ತೆ ಬಂದದ್ದು ಸುಮಾರು 70ರಲ್ಲಿ. ಮತ್ತಾಯ, ಲೂಕ ಇನ್ನೂ ಹತ್ತಿಪ್ಪತ್ತು ವರ್ಷ ಬಿಟ್ಟು. ಯೋಹಾನನದು ಶತಮಾನದ ಕೊನೆಗೆ.

ಪೌಲನ ಪತ್ರ ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಪುರಾಣವಾದಿಗಳು ಹೆಚ್ಚು ಒತ್ತಿ ಹೇಳುವುದೂ ಇದನ್ನೇ. ಯೇಸುವಿನ ಬದುಕಿನ ಬಗ್ಗೆ ಪೌಲ ಏನೂ ಹೇಳುವುದಿಲ್ಲವೆನ್ನುವಷ್ಟು ಕಡಿಮೆ ಹೇಳುತ್ತಾನೆ. ಗಲಿಲಾಯ ಇಲ್ಲ, ನಜರೇತ್ ಇಲ್ಲ, ತಾಯಿ ಮರಿಯಳ ಹೆಸರಿಲ್ಲ, ಯೇಸು ಹೇಳಿದ ದೃಷ್ಟಾಂತ ಕಥೆಗಳಿಲ್ಲ, ಪವಾಡಗಳಿಲ್ಲ. ತಾನು ಸಾರುವ ಸಂದೇಶ ಮನುಷ್ಯರಿಂದ ಬಂದದ್ದಲ್ಲ, ನೇರ ದರ್ಶನದಿಂದ ಬಂದದ್ದು ಎಂದು ಅವನೇ ಹೇಳಿಕೊಳ್ಳುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಪೌಲ ಬರೆದದ್ದು ಸಭೆಗಳ ಜಗಳ ಬಿಡಿಸುವ ಪತ್ರ, ಜೀವನಚರಿತ್ರೆಯಲ್ಲ ಎಂಬ ಸಮಾಧಾನ ಇದೆ ನಿಜ. ಆದರೂ ಮೌನ ಸ್ವಲ್ಪ ಜಾಸ್ತಿಯೇ ಆಯಿತು ಎಂದು ನನಗೂ ಅನಿಸುತ್ತದೆ.

ಆದರೆ ಆ ಮೌನದ ನಡುವೆ ಕೆಲವು ಮಾತುಗಳಿವೆ. ಯೇಸು ಸ್ತ್ರೀಯಲ್ಲಿ ಹುಟ್ಟಿದ, ದಾವೀದನ ವಂಶದವನು, ಶಿಲುಬೆಯ ಮೇಲೆ ಸತ್ತ, ಅವನನ್ನು ಹೂಳಿದರು. ಎಲ್ಲಕ್ಕಿಂತ ಮುಖ್ಯವಾದದ್ದು ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿದೆ. ಪೌಲ ಅಲ್ಲಿ ಹೇಳುವುದಿಷ್ಟು: ನಾನು ದರ್ಶನವಾಗಿ ಮೂರು ವರ್ಷದ ಮೇಲೆ ಜೆರುಸಲೇಮಿಗೆ ಹೋಗಿ ಕೇಫನ ಜೊತೆ ಹದಿನೈದು ದಿನ ಇದ್ದೆ. ಬೇರೆ ಅಪೊಸ್ತಲರನ್ನು ಕಾಣಲಿಲ್ಲ, ಕರ್ತನ ಸಹೋದರನಾದ ಯಾಕೋಬನನ್ನು ಮಾತ್ರ ಕಂಡೆ. ಕರ್ತ ಎಂದರೆ ಯೇಸು, ಅಪೊಸ್ತಲರೆಂದರೆ ಅವನ ಸಂದೇಶ ಸಾರಿದ ಮೊದಲ ನಾಯಕರು, ಕೇಫ ಎಂದರೆ ಯೇಸುವಿನ ಮುಖ್ಯ ಶಿಷ್ಯ ಪೇತ್ರ. ಈ ಭೇಟಿ ನಡೆದದ್ದು ಯೇಸು ಸತ್ತು ಹತ್ತು ವರ್ಷದ ಆಸುಪಾಸಿನೊಳಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ವಾದದ ತಿರುಗುಗೂಟ ಈ ಯಾಕೋಬ. ಆಕಾಶದಲ್ಲಷ್ಟೇ ಇದ್ದವನಿಗೆ ಜೆರುಸಲೇಮಿನಲ್ಲಿ ಒಬ್ಬ ಸಹೋದರ ಇರಲು ಹೇಗೆ ಸಾಧ್ಯ? (ಸ್ವಂತ ತಮ್ಮನೋ, ಮಲತಾಯಿಯ ಮಗನೋ, ದಾಯಾದಿಯೋ ಎಂಬ ಚರ್ಚೆ ಕ್ರೈಸ್ತ ಪಂಗಡಗಳ ನಡುವೆ ಇದೆ. ನಮ್ಮ ಪ್ರಶ್ನೆಗೆ ಅದು ಮುಖ್ಯವಲ್ಲ, ದಾಯಾದಿ ಇದ್ದರೂ ಸಾಕು.) ಪುರಾಣವಾದಿಗಳ ಉತ್ತರ ಇದು: ಕ್ರೈಸ್ತರು ಎಲ್ಲ ವಿಶ್ವಾಸಿಗಳನ್ನೂ ಸಹೋದರ ಎನ್ನುತ್ತಿದ್ದರು, ಹಾಗಾಗಿ 'ಕರ್ತನ ಸಹೋದರ' ಎಂದರೆ ದೀಕ್ಷಾಸ್ನಾನ ಪಡೆದ ಒಬ್ಬ ಕ್ರೈಸ್ತ, ಅಷ್ಟೇ.

ಈ ಉತ್ತರ ನಿಲ್ಲುವುದಿಲ್ಲ. ಎಲ್ಲರೂ ಕರ್ತನ ಸಹೋದರರೇ ಆದರೆ ಯಾಕೋಬನನ್ನು ಗುರುತಿಸಲು ಆ ಮಾತು ಯಾಕೆ ಬೇಕಿತ್ತು? ಪೇತ್ರನೂ ವಿಶ್ವಾಸಿಯೇ ತಾನೇ? ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಪೌಲ ಇನ್ನೊಂದು ಮಾತು ಹೇಳುತ್ತಾನೆ. ಉಳಿದ ಅಪೊಸ್ತಲರು, ಕರ್ತನ ಸಹೋದರರು, ಕೇಫ, ಇವರೆಲ್ಲ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುತ್ತಾರೆ, ನಮಗೆ ಮಾತ್ರ ಆ ಹಕ್ಕಿಲ್ಲವೇ ಎಂದು ಕೇಳುತ್ತಾನೆ. ಅಲ್ಲಿ ಕರ್ತನ ಸಹೋದರರು ಅಪೊಸ್ತಲರಿಂದ ಬೇರೆಯಾದ, ಎಲ್ಲರಿಗೂ ಪರಿಚಯವಿರುವ ಒಂದು ಗುಂಪು. ಒಂದು ಕುಟುಂಬ ಎಂದು ಓದಿದರೆ ಎರಡೂ ಕಡೆ ಅರ್ಥ ಸಲೀಸಾಗಿ ಕೂಡುತ್ತದೆ. ಬಿರುದು ಎಂದು ಓದಿದರೆ ಎರಡೂ ಕಡೆ ಎಳೆದು ಕೂಡಿಸಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಗಲಾತ್ಯ ಪತ್ರದಲ್ಲಿ ಪೌಲನ ಉದ್ದೇಶ ತನಗೂ ಜೆರುಸಲೇಮಿನ ನಾಯಕರಿಗೂ ಹೆಚ್ಚು ಸಂಬಂಧವಿಲ್ಲ ಎಂದು ತೋರಿಸುವುದು. ತಾನು ಅವರ ಶಿಷ್ಯನಲ್ಲ ಎಂದು ಹೇಳಲು ಹೊರಟವನು. ಯೇಸುವಿನ ಮನೆಯವರನ್ನೇ ಭೇಟಿಯಾಗಿದ್ದೆ ಎಂಬುದು ಅವನ ವಾದಕ್ಕೆ ತೊಡಕು. ಆದರೂ ಅದನ್ನು ಒಪ್ಪಿಕೊಳ್ಳುತ್ತಾನೆ. ಮರುವಾಕ್ಯದಲ್ಲೇ, ದೇವರ ಮುಂದೆ ಹೇಳುತ್ತೇನೆ, ನಾನು ಸುಳ್ಳಾಡುತ್ತಿಲ್ಲ ಎಂದು ಆಣೆ ಇಡುತ್ತಾನೆ. ನ್ಯಾಯಾಲಯದಲ್ಲಿ ಇಂಥ ಸಾಕ್ಷಿಗೆ ತೂಕ ಹೆಚ್ಚು.

ಈ ಯಾಕೋಬ ಕ್ರೈಸ್ತರಲ್ಲದವರ ಬರಹದಲ್ಲೂ ಕಾಣಿಸುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 93ರ ಸುಮಾರಿಗೆ ರೋಮಿನಲ್ಲಿ ಕೂತು ತನ್ನ ಜನರ ಇತಿಹಾಸವನ್ನು 20 ಸಂಪುಟಗಳಲ್ಲಿ ಬರೆದು ಮುಗಿಸಿದ. ಕೊನೆಯ ಸಂಪುಟದಲ್ಲಿ 62ರ ಒಂದು ಘಟನೆ ಬರುತ್ತದೆ. ರೋಮನ್ ಅಧಿಪತಿ ಫೆಸ್ಟಸ್ ಸತ್ತು ಹೊಸಬ ಇನ್ನೂ ಬಂದಿರಲಿಲ್ಲ. ಆ ಸಂದು ನೋಡಿಕೊಂಡು ಮಹಾಯಾಜಕ ಅನನಸ್ ಕೆಲವರನ್ನು ವಿಚಾರಣೆಗೆ ತಂದು ಕಲ್ಲೆಸೆದು ಕೊಲ್ಲಿಸಿದ. ಅವರಲ್ಲಿ ಒಬ್ಬ, 'ಕ್ರಿಸ್ತ ಎನಿಸಿಕೊಂಡ ಯೇಸುವಿನ ಸಹೋದರ, ಯಾಕೋಬ ಎಂಬ ಹೆಸರಿನವನು'. ಜನ ಸಿಟ್ಟಿಗೆದ್ದು ದೂರು ಕೊಟ್ಟರು, ಅನನಸ್ ಮೂರೇ ತಿಂಗಳಲ್ಲಿ ಪದವಿ ಕಳೆದುಕೊಂಡ. ಜೋಸೆಫಸ್ ಹುಟ್ಟಿದ್ದು 37ರಲ್ಲಿ, ಜೆರುಸಲೇಮಿನಲ್ಲೇ. ಘಟನೆ ನಡೆದಾಗ ಅವನಿಗೆ ಇಪ್ಪತ್ತೈದು ವರ್ಷ. ಅದೂ ಯಾಜಕರ ಮನೆತನದವನು. ಊರಿನ ಈ ರಗಳೆ ಅವನಿಗೆ ಚೆನ್ನಾಗಿ ಗೊತ್ತಿರಲೇಬೇಕು.

ಕ್ಯಾರಿಯರ್ ಇದಕ್ಕೂ ಒಂದು ಉತ್ತರ ಕೊಡುತ್ತಾರೆ. ಅದೇ ಭಾಗದ ಕೊನೆಗೆ ದಮ್ನಾಯನ ಮಗ ಯೇಸು ಎಂಬ ಬೇರೊಬ್ಬ ಮಹಾಯಾಜಕನಾಗುತ್ತಾನೆ. ಯಾಕೋಬ ಅವನ ಸಹೋದರ, 'ಕ್ರಿಸ್ತ ಎನಿಸಿಕೊಂಡ' ಎಂಬುದು ಯಾರೋ ಅಂಚಿನಲ್ಲಿ ಬರೆದ ಟಿಪ್ಪಣಿ, ಮುಂದೆ ಪ್ರತಿ ಮಾಡಿದವರು ಅದನ್ನು ಒಳಗೆ ಸೇರಿಸಿಬಿಟ್ಟರು ಎನ್ನುತ್ತಾರೆ. ಹಸ್ತಪ್ರತಿಗಳಲ್ಲಿ ಇಂಥದ್ದು ನಡೆಯುತ್ತದೆ. ಆದರೆ ನಡೆಯಬಹುದು ಎಂಬುದಕ್ಕೂ ನಡೆದಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಉಳಿದಿರುವ ಪ್ರತಿಗಳಲ್ಲಿ ಆ ಮಾತು ಇದೆ. ಮೂರನೇ ಶತಮಾನದ ಕ್ರೈಸ್ತ ಲೇಖಕ ಒರಿಗನ್ ಕೂಡ ಜೋಸೆಫಸ್ ಹೀಗೆ ಹೇಳಿದ್ದಾನೆ ಎಂದು ಬರೆದಿದ್ದಾನೆ.

ಯಾಕೋಬನ ಸುದ್ದಿಗೆ ಒಂದು ಪತ್ತೇದಾರಿ ಉಪಕಥೆಯೂ ಇದೆ. 2002ರಲ್ಲಿ ಇಸ್ರೇಲಿನಲ್ಲಿ ಮೂಳೆ ಇಡುವ ಒಂದು ಕಲ್ಲಿನ ಪೆಟ್ಟಿಗೆ ಬೆಳಕಿಗೆ ಬಂತು. ಅದರ ಮೇಲೆ ಅರಾಮಿಕ್‌ನಲ್ಲಿ 'ಯೋಸೇಫನ ಮಗ, ಯೇಸುವಿನ ಸಹೋದರ ಯಾಕೋಬ' ಎಂದು ಕೊರೆದಿತ್ತು. ಜಗತ್ತೇ ಹೌಹಾರಿತು. ಆಮೇಲೆ ಮಾಲೀಕನ ಮೇಲೆ ನಕಲಿ ಮಾಡಿದ ಆರೋಪ ಬಂತು. ವರ್ಷಗಟ್ಟಲೆ ಮೊಕದ್ದಮೆ ನಡೆದು 2012ರಲ್ಲಿ ಆ ಆರೋಪದಿಂದ ಅವನು ಖುಲಾಸೆಯಾದ. ಆದರೆ ಖುಲಾಸೆ ಎಂದರೆ ಬರಹ ಅಸಲಿ ಎಂದರ್ಥವಲ್ಲ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಹೇಳಿದರು. ಎಲ್ಲಿ ಅಗೆದು ತೆಗೆದರು ಎಂಬುದೇ ಗೊತ್ತಿಲ್ಲದ ವಸ್ತು. ಇಂಥದ್ದನ್ನು ಸಾಕ್ಷಿಯ ಲೆಕ್ಕದಿಂದ ಹೊರಗಿಡುವುದೇ ಒಳ್ಳೆಯದು.

ಜೋಸೆಫಸ್‌ನ ಹದಿನೆಂಟನೇ ಸಂಪುಟದಲ್ಲಿ ಯೇಸುವಿನ ಬಗ್ಗೆಯೇ ಒಂದು ಚಿಕ್ಕ ಪ್ಯಾರಾ ಇದೆ. ಈಗ ಮತ್ತೆ ಬಿಸಿಯಾಗಿರುವುದು ಅದರ ಚರ್ಚೆ. 'ಅವನನ್ನು ಮನುಷ್ಯ ಎನ್ನಬಹುದಾದರೆ', 'ಅವನೇ ಕ್ರಿಸ್ತ', 'ಮೂರನೇ ದಿನ ಮತ್ತೆ ಜೀವಂತನಾಗಿ ಕಾಣಿಸಿಕೊಂಡ' ಎಂಬ ಮಾತುಗಳು ಅದರಲ್ಲಿವೆ. ಒಬ್ಬ ಯೆಹೂದಿ ಹೀಗೆ ಬರೆದಾನೇ? ಜೋಸೆಫಸ್ ಯೇಸುವನ್ನು ಕ್ರಿಸ್ತ ಎಂದು ನಂಬಿರಲಿಲ್ಲ ಎಂದು ಒರಿಗನ್ ಬೇರೆ ಹೇಳಿದ್ದಾನೆ. ಹಾಗಾಗಿ ಕ್ರೈಸ್ತ ಲಿಪಿಕಾರರು ಇಲ್ಲಿ ಕೈಯಾಡಿಸಿದ್ದಾರೆ ಎಂಬುದು ಬಹುಪಾಲು ವಿದ್ವಾಂಸರ ಮತ. ಪೂರ್ತಿ ಸೇರಿಸಿದ್ದೋ, ಇದ್ದದ್ದಕ್ಕೆ ಬಣ್ಣ ಹಚ್ಚಿದ್ದೋ ಎಂಬುದರಲ್ಲಿ ಜಗಳ. 1971ರಲ್ಲಿ ಶ್ಲೋಮೋ ಪೈನ್ಸ್ ಹತ್ತನೇ ಶತಮಾನದ ಒಂದು ಅರಬ್ಬಿ ಪಾಠವನ್ನು ಮುಂದಿಟ್ಟರು. ಅದರಲ್ಲಿ ಈ ಭಕ್ತಿಯ ಮಾತುಗಳು ತೀರ ಮೆತ್ತಗಿವೆ. 2025ರಲ್ಲಿ ಟಿ. ಸಿ. ಶ್ಮಿಟ್ ಎಂಬ ಅಮೆರಿಕದ ವಿದ್ವಾಂಸರು ಇನ್ನೂ ಮುಂದೆ ಹೋಗಿ, ಪ್ಯಾರಾ ಹೆಚ್ಚುಕಡಿಮೆ ಜೋಸೆಫಸ್‌ನದೇ ಶೈಲಿ, ಮೂಲದಲ್ಲಿ ಇದ್ದದ್ದು 'ಕ್ರಿಸ್ತ ಎಂದು ಜನ ತಿಳಿದಿದ್ದರು' ಎಂಬಂಥ ಮಾತು ಎಂದು ವಾದಿಸಿದ್ದಾರೆ. ಲ್ಯಾಟಿನ್ ಮತ್ತು ಸಿರಿಯಾಕ್ ಅನುವಾದಗಳಲ್ಲಿ ಅಂಥ ಪಾಠ ಇರುವುದು ಅವರ ಆಧಾರ. ಚರ್ಚೆ ಇನ್ನೂ ನಡೆಯಬೇಕು. ನನ್ನ ಮಟ್ಟಿಗೆ, ತಿದ್ದಿದ್ದು ಖಚಿತವಾಗಿರುವ ಸಾಕ್ಷಿಯ ಮೇಲೆ ಮನೆ ಕಟ್ಟುವುದಕ್ಕಿಂತ ಇಪ್ಪತ್ತನೇ ಸಂಪುಟದ ಆ ಒಂದು ಸಾಲು ವಾಸಿ.

ರೋಮನ್ ಲೇಖಕರನ್ನು ಬೇಗ ಮುಗಿಸಬಹುದು. ಟ್ಯಾಸಿಟಸ್ 116ರ ಸುಮಾರಿಗೆ, ನೀರೋ ಕಾಲದ ಬೆಂಕಿ ಅನಾಹುತದ ಬಗ್ಗೆ ಬರೆಯುತ್ತಾ, ಕ್ರೈಸ್ತರ ಮೂಲಪುರುಷನನ್ನು ಚಕ್ರವರ್ತಿ ತಿಬೇರಿಯಸ್ ಕಾಲದಲ್ಲಿ ಪೊಂತ್ಯ ಪಿಲಾತ ಕೊಲ್ಲಿಸಿದ ಎನ್ನುತ್ತಾನೆ. ಮಾತಿನಲ್ಲಿ ಕ್ರೈಸ್ತರ ಬಗ್ಗೆ ಅಸಹ್ಯ ತುಂಬಿದೆ, ಆದ್ದರಿಂದ ಕ್ರೈಸ್ತರು ಸೇರಿಸಿದ್ದಲ್ಲ. ಆದರೆ ಅವನಿಗೆ ಇದು ಕ್ರೈಸ್ತರಿಂದಲೇ ತಿಳಿದಿದ್ದರೆ ಸ್ವತಂತ್ರ ಸಾಕ್ಷಿಯಾಗುವುದಿಲ್ಲ. ರೋಮನ್ ಅಧಿಪತಿ ಪ್ಲಿನಿಯ ಪತ್ರದಿಂದ 112ರ ಹೊತ್ತಿಗೆ ಕ್ರೈಸ್ತರು ಇದ್ದರು ಎಂಬುದಷ್ಟೇ ಗೊತ್ತಾಗುತ್ತದೆ. ಅದನ್ನು ಯಾರೂ ಅಲ್ಲಗಳೆದಿಲ್ಲ.

ಹಾಗಾದರೆ ಯೇಸು ಬದುಕಿದ್ದಾಗಲೇ ಯಾರೂ ಅವನ ಬಗ್ಗೆ ಬರೆಯಲಿಲ್ಲ ಯಾಕೆ? ಇದು ಎಲ್ಲರೂ ಕೇಳುವ ಪ್ರಶ್ನೆ. ಅವನನ್ನು ಕೊಲ್ಲಿಸಿದವನ ಲೆಕ್ಕ ನೋಡಿ. ಪಿಲಾತ 26ರಿಂದ 36ರವರೆಗೆ, ಹತ್ತು ವರ್ಷ ಯೂದಾಯವನ್ನು ಆಳಿದ ಅಧಿಕಾರಿ. ಅವನ ಕಚೇರಿಯ ಒಂದು ಕಾಗದವೂ ಉಳಿದಿಲ್ಲ. ಅವನು ಹೊರಡಿಸಿದ ಕೆಲವು ನಾಣ್ಯಗಳಿವೆ. ಯೆಹೂದಿ ತತ್ತ್ವಜ್ಞಾನಿ ಫೈಲೋ ಮತ್ತು ಜೋಸೆಫಸ್ ಅವನ ಬಗ್ಗೆ ಬರೆದಿದ್ದಾರೆ. ಅವನ ಹೆಸರು ಕೆತ್ತಿದ ಕಲ್ಲು ಸಿಕ್ಕಿದ್ದು 1961ರಲ್ಲಿ, ಕೈಸರೈಯದ ನಾಟಕಶಾಲೆಯ ಅವಶೇಷದಲ್ಲಿ. ಟ್ಯಾಸಿಟಸ್‌ನ ಇತಿಹಾಸದಲ್ಲೂ 29ರಿಂದ 31ರವರೆಗಿನ ಭಾಗದ ಬಹುಪಾಲು ಕಳೆದುಹೋಗಿದೆ. ಅಧಿಪತಿಯ ಗತಿಯೇ ಇಷ್ಟಾದರೆ, ಅವನು ಕೊಲ್ಲಿಸಿದ ಹಳ್ಳಿಯವನೊಬ್ಬನ ದಾಖಲೆ ಹುಡುಕುವುದು ಎಲ್ಲಿಂದ?

ಸುವಾರ್ತೆಗಳು ಭಕ್ತರು ಬರೆದವು, ಅವುಗಳನ್ನು ಹಾಗೆಯೇ ಇತಿಹಾಸ ಎನ್ನಲಾಗದು. ಆದರೆ ಅವುಗಳಲ್ಲಿ ಬರೆದವರಿಗೇ ಮುಜುಗರ ತರುವ ಸಂಗತಿಗಳಿವೆ. ಊರಿನ ವಿಷಯವನ್ನೇ ತೆಗೆದುಕೊಳ್ಳಿ. ಯೆಹೂದಿಗಳು ಕಾಯುತ್ತಿದ್ದ ರಕ್ಷಕ ಮೆಸ್ಸೀಯ ಬರುವುದು ಬೆತ್ಲೆಹೇಮಿನಿಂದ ಎಂದು ಪ್ರವಾದಿ ಮೀಕನ ಮಾತನ್ನು ಓದಿಕೊಂಡಿದ್ದರು. ಯೇಸು ಮಾತ್ರ ನಜರೇತಿನವನು. ಮತ್ತಾಯ ಮತ್ತು ಲೂಕ ಇಬ್ಬರೂ ಅವನನ್ನು ಬೆತ್ಲೆಹೇಮಿನಲ್ಲಿ ಹುಟ್ಟಿಸಲು ಒದ್ದಾಡುತ್ತಾರೆ, ಅದೂ ಬೇರೆ ಬೇರೆ ದಾರಿಯಲ್ಲಿ. ಮತ್ತಾಯನಲ್ಲಿ ಕುಟುಂಬ ಮೊದಲು ಬೆತ್ಲೆಹೇಮಿನಲ್ಲೇ ಇರುತ್ತದೆ, ಹೆರೋದನ ಭಯಕ್ಕೆ ಈಜಿಪ್ಟಿಗೆ ಓಡಿ ಆಮೇಲೆ ನಜರೇತಿಗೆ ಬರುತ್ತದೆ. ಲೂಕನಲ್ಲಿ ನಜರೇತಿನಿಂದ ಬೆತ್ಲೆಹೇಮಿಗೆ ಖಾನೇಷುಮಾರಿ ಬರೆಸಲು ಹೋಗುತ್ತಾರೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಲೂಕ ಹೇಳುವ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ. ಎರಡೂ ಕಥೆ ಕೂಡುವುದಿಲ್ಲ. ಕ್ರಿಸ್‌ಮಸ್ ಗೋದಲಿಯಲ್ಲಿ ಮಾತ್ರ ಜ್ಯೋತಿಷಿಗಳೂ ಕುರುಬರೂ ಒಟ್ಟಿಗೆ ನಿಲ್ಲುತ್ತಾರೆ.

ಇಲ್ಲದ ಮನುಷ್ಯನನ್ನು ಕಲ್ಪಿಸುವವರಿಗೆ ಈ ಕಷ್ಟವೇ ಇರಲಿಲ್ಲ. ಬೆತ್ಲೆಹೇಮಿನವನು ಎಂದು ಒಂದೇ ಸಾಲಲ್ಲಿ ಬರೆದು ಮುಗಿಸಬಹುದಿತ್ತು. ನಜರೇತ್ ಹಳೆಯ ಒಡಂಬಡಿಕೆಯಲ್ಲಿ ಹೆಸರೇ ಇಲ್ಲದ ಹಳ್ಳಿ. ಅದು ಆ ಕಾಲದಲ್ಲಿ ಇರಲೇ ಇಲ್ಲ ಎಂದು 2008ರಲ್ಲಿ ಒಂದು ಪುಸ್ತಕವೂ ಬಂತು. ಮರುವರ್ಷವೇ ಇಸ್ರೇಲಿನ ಪುರಾತತ್ವ ಇಲಾಖೆ ಅಲ್ಲಿ ಆ ಕಾಲದ ಒಂದು ಮನೆಯ ಅವಶೇಷವನ್ನು ಅಗೆದು ತೆಗೆಯಿತು.

ಶಿಲುಬೆಯ ವಿಷಯ ಇನ್ನೂ ಗಟ್ಟಿ. ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಎಂದು ಯೆಹೂದಿಗಳ ಧರ್ಮಶಾಸ್ತ್ರದಲ್ಲೇ ಇದೆ. ಪೌಲನೇ ಆ ಮಾತನ್ನು ಎತ್ತುತ್ತಾನೆ. ಶಿಲುಬೆಗೇರಿದ ಕ್ರಿಸ್ತ ಯೆಹೂದಿಗಳಿಗೆ ಎಡವುವ ಕಲ್ಲು, ಬೇರೆಯವರಿಗೆ ಹುಚ್ಚುಮಾತು ಎಂದು ಒಪ್ಪಿಕೊಳ್ಳುತ್ತಾನೆ. ಅಂಥ ಕಥೆಯನ್ನು ಯಾರೂ ಬೇಕೆಂದು ಕಟ್ಟುವುದಿಲ್ಲ, ತಲೆಮೇಲೆ ಬಿದ್ದದ್ದನ್ನು ವಿವರಿಸಲು ಹೆಣಗುತ್ತಾರೆ. ಸ್ನಾನಿಕ ಯೋಹಾನನಿಂದ ಯೇಸು ದೀಕ್ಷಾಸ್ನಾನ ಪಡೆದದ್ದೂ ಹಾಗೇ. ಪಾಪ ತೊಳೆಯುವ ಸ್ನಾನ ಪಾಪವಿಲ್ಲದವನಿಗೆ ಯಾಕೆ ಎಂದು ಮುಂದಿನವರು ತಿಣುಕಿದ್ದಾರೆ. ಯೇಸುವಿನ ಬದುಕಿನಲ್ಲಿ ವಿದ್ವಾಂಸರು ಹೆಚ್ಚುಕಡಿಮೆ ಒಮ್ಮತದಿಂದ ಒಪ್ಪುವುದು ಈ ಎರಡು ಘಟನೆಗಳನ್ನೇ, ದೀಕ್ಷಾಸ್ನಾನ ಮತ್ತು ಶಿಲುಬೆ.

ಮುಜುಗರದ ಈ ಅಳತೆಗೋಲಿಗೂ ಮಿತಿ ಇದೆ. ನಮಗೆ ಮುಜುಗರ ಎನಿಸಿದ್ದು ಮಾರ್ಕನಿಗೂ ಮುಜುಗರವಾಗಿತ್ತು ಎಂದು ಹೇಗೆ ಗೊತ್ತು? ಪುರಾಣವಾದಿಗಳು ಇದನ್ನು ಕೇಳುತ್ತಾ ಬಂದಿದ್ದಾರೆ. ಇತ್ತೀಚೆಗೆ ಮುಖ್ಯಧಾರೆಯ ವಿದ್ವಾಂಸರೂ ಈ ಹಳೆಯ ಅಳತೆಗೋಲುಗಳನ್ನು ಬಿಡಬೇಕು ಎನ್ನುತ್ತಿದ್ದಾರೆ. ಆ ಮಟ್ಟಿಗೆ ಪುರಾಣವಾದಿಗಳು ಮಾಡಿದ ಉಪಕಾರ ದೊಡ್ಡದು. ಕ್ಯಾರಿಯರ್ ಅವರ ಗಣಿತ ಮಾತ್ರ ನನ್ನನ್ನು ಒಪ್ಪಿಸುವುದಿಲ್ಲ. ಒಳಗೆ ಹಾಕುವ ಸಂಖ್ಯೆಗಳೆಲ್ಲ ಲೇಖಕರ ಅಂದಾಜೇ ಆಗಿರುವಾಗ ಹೊರಗೆ ಬರುವ ಸಂಖ್ಯೆಯೂ ಅಂದಾಜೇ.

ಬೈಬಲ್ ವಿದ್ವಾಂಸರೆಲ್ಲ ಚರ್ಚಿನ ಹಂಗಿನಲ್ಲಿದ್ದಾರೆ, ಅವರಿಂದ ಬೇರೆ ಉತ್ತರ ಬರುವುದೇ ಇಲ್ಲ ಎಂಬ ಆರೋಪವಿದೆ. ಒತ್ತಡ ಇದೆ ಎಂಬುದು ನಿಜ. ಜರ್ಮನಿಯ ಗೋಟಿಂಗನ್‌ನಲ್ಲಿ ಗೆರ್ಡ್ ಲ್ಯೂಡೆಮನ್ ತಾವಿನ್ನು ಕ್ರೈಸ್ತರಲ್ಲ ಎಂದು ಹೇಳಿದ ಮೇಲೆ ಹೊಸ ಒಡಂಬಡಿಕೆಯ ಪ್ರಾಧ್ಯಾಪಕ ಪೀಠದಿಂದ ಅವರನ್ನು ಬೇರೆಡೆಗೆ ಸರಿಸಲಾಯಿತು. ಅವರು ನ್ಯಾಯಾಲಯದಲ್ಲೂ ಸೋತರು. ಆದರೆ ಕಳೆದುಕೊಳ್ಳಲು ಏನೂ ಉಳಿಯದ ಆ ಲ್ಯೂಡೆಮನ್ ಕೂಡ ಪುನರುತ್ಥಾನ ನಡೆದಿಲ್ಲ ಎಂದರೇ ಹೊರತು ಯೇಸು ಇರಲಿಲ್ಲ ಎನ್ನಲಿಲ್ಲ. 2012ರಲ್ಲಿ ಪುರಾಣವಾದದ ವಿರುದ್ಧ ಪುಸ್ತಕ ಬರೆದ ಬಾರ್ಟ್ ಅರ್ಮನ್ ನಂಬಿಕೆ ಬಿಟ್ಟವರು. ಯೇಸು ಇದ್ದ ಎಂದೇ ಬರೆದ ವಿದ್ವಾಂಸರಾದ ಗೇಜಾ ವೆರ್ಮಿಸ್, ಏಮಿ ಜಿಲ್ ಲೆವೀನ್ ಯೆಹೂದಿಗಳು.

ಇದ್ದ ಎಂದು ಒಪ್ಪಿದರೆ ಕೈಗೆ ಸಿಗುವುದೆಷ್ಟು? ಬಹಳ ಕಡಿಮೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಜೀಸಸ್ ಸೆಮಿನಾರ್ ಎಂಬ ವಿದ್ವಾಂಸರ ಕೂಟ, ಯೇಸುವಿನ ಒಂದೊಂದು ಮಾತಿಗೂ ಬಣ್ಣದ ಮಣಿ ಹಾಕಿ ಮತ ಎಣಿಸಿತು. ಅವನೇ ಹೇಳಿದ್ದಿರಬಹುದು ಎಂದು ಗೆದ್ದದ್ದು ಸುಮಾರು ಶೇ 18ರಷ್ಟು ಮಾತುಗಳು. ಲೋಕಾಂತ್ಯ ಹತ್ತಿರವಿದೆ ಎಂದ ಪ್ರವಾದಿಯೇ, ನೀತಿ ಹೇಳಿದ ಜ್ಞಾನಿಯೇ, ಬಡವರ ಪರ ಬಂಡೆದ್ದವನೇ ಎಂಬುದರಲ್ಲಿ ಇಂದಿಗೂ ಒಪ್ಪಂದವಿಲ್ಲ. ಒಬ್ಬೊಬ್ಬ ವಿದ್ವಾಂಸನೂ ಯೇಸುವನ್ನು ತನ್ನ ಕಾಲಕ್ಕೆ ಒಪ್ಪುವಂತೆ ಚಿತ್ರಿಸಿಕೊಂಡಿದ್ದಾನೆ ಎಂದು ಆಲ್ಬರ್ಟ್ ಶ್ವೈಟ್ಸರ್ 1906ರಲ್ಲೇ ತೋರಿಸಿಕೊಟ್ಟಿದ್ದರು.

ಇನ್ನೊಂದು ವಿಪರ್ಯಾಸವಿದೆ. ಇತಿಹಾಸಕಾರರು ಅತ್ಯಂತ ಖಚಿತವಾಗಿ ಹೇಳುವ ಶಿಲುಬೆಯ ಸಾವನ್ನೇ, ಯೇಸುವನ್ನು ಈಸಾ ಎಂದು ಕರೆದು ಪ್ರವಾದಿ ಎಂದು ಗೌರವಿಸುವ ಮುಸ್ಲಿಮರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವನನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ ಎಂದು ಕುರಾನ್ ಹೇಳುತ್ತದೆ. ಅಹ್ಮದೀಯ ಪಂಗಡದವರ ಪ್ರಕಾರ ಅವನು ಶಿಲುಬೆಯಿಂದ ಬದುಕಿ ಬಂದು ಕಾಶ್ಮೀರದಲ್ಲಿ ಸತ್ತ, ಶ್ರೀನಗರದ ರೋಜಾ ಬಲ್ ಅವನ ಸಮಾಧಿ. ಕ್ರೈಸ್ತರಿಗೆ ಘಟನೆಯೇ ಎಲ್ಲ. ಕ್ರಿಸ್ತ ಎದ್ದು ಬಾರದಿದ್ದರೆ ನಮ್ಮ ನಂಬಿಕೆ ವ್ಯರ್ಥ ಎಂದು ಪೌಲ ನೇರವಾಗಿ ಬರೆದುಬಿಟ್ಟಿದ್ದಾನೆ. ಗಾಂಧೀಜಿ ಇದಕ್ಕೆ ಪೂರ್ತಿ ಎದುರು ತುದಿ. ದುಂಡುಮೇಜಿನ ಪರಿಷತ್ತು ಮುಗಿಸಿ ಹಡಗಿನಲ್ಲಿ ಮರಳುವಾಗ, 1931ರ ಕ್ರಿಸ್‌ಮಸ್ ದಿನ, ತಮಗೆ ಐತಿಹಾಸಿಕ ಯೇಸುವಿನಲ್ಲಿ ಎಂದೂ ಆಸಕ್ತಿ ಇರಲಿಲ್ಲ ಎಂದರು. ಅವನು ಬದುಕಿರಲೇ ಇಲ್ಲ ಎಂದು ಯಾರಾದರೂ ಸಾಬೀತು ಮಾಡಿದರೂ, ಸುವಾರ್ತೆಯಲ್ಲಿ ಅವನ ಬೋಧನೆಯಾಗಿ ಬರುವ ಪರ್ವತ ಪ್ರಸಂಗ ತಮಗೆ ಸತ್ಯವೇ ಎಂದರು. ಇತಿಹಾಸಕಾರರ ಉತ್ತರ ಇವರಲ್ಲಿ ಯಾರನ್ನೂ ಅಲುಗಾಡಿಸುವುದಿಲ್ಲ.

ಈ ತೀರ್ಮಾನ ಮುಂದೆ ಬದಲಾಗಬಹುದೇ? ಬದಲಾಗಬಹುದು. ಜೋಸೆಫಸ್‌ನ ಈ ಸಂಪುಟಗಳ ನಮ್ಮ ಅತಿ ಹಳೆಯ ಗ್ರೀಕ್ ಪ್ರತಿ ಹನ್ನೊಂದನೇ ಶತಮಾನದ್ದು. ಕ್ರೈಸ್ತರ ಕೈ ತಾಗುವ ಮೊದಲಿನ ಒಂದು ಪ್ರತಿ ಎಲ್ಲಾದರೂ ಮರಳಿನಡಿ ಸಿಕ್ಕಿ, ಅದರಲ್ಲಿ 'ಕ್ರಿಸ್ತ ಎನಿಸಿಕೊಂಡ' ಎಂಬ ಮಾತು ಇಲ್ಲದಿದ್ದರೆ ಕ್ಯಾರಿಯರ್ ಗೆದ್ದಂತೆ ಒಂದು ಸುತ್ತು. ಆಗಲೂ ಪೌಲನ ಪತ್ರ ಉಳಿಯುತ್ತದೆ. ಗಲಾತ್ಯ ಪತ್ರದ ನಮ್ಮ ಅತಿ ಹಳೆಯ ಪ್ರತಿ ಸುಮಾರು ಕ್ರಿ.ಶ. 200ರ ಪಪೈರಸ್. ಹದಿನೈದು ದಿನದ ಆ ಭೇಟಿ, ಕರ್ತನ ಸಹೋದರನಾದ ಯಾಕೋಬನ ಮಾತು, ಎರಡೂ ಅದರಲ್ಲಿವೆ. ಪುರಾಣವಾದಿಗಳು ದಾಟಬೇಕಾದದ್ದು ಆ ಸಾಲನ್ನು.